ಮಧುಮೇಹವೂ ಕಿವಿಯೂ

ಮಧುಮೇಹವು ಕಣ್ಣನ್ನೂ ಪಾದವನ್ನೂ ಕೆಡಿಸುವುದೆಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗೃಹಸ್ಥರೆಲ್ಲ ಬಲ್ಲರು. ಕಿವಿಗೂ ಅದರಿಂದ ಹಾನಿಯುಂಟೆಂದು ಬಲ್ಲವರು ವಿರಳ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಹ ಅಂಗವೊಂದುಂಟು. ರಕ್ತದಲ್ಲಿ ಸಕ್ಕರೆಯು ಬಹುಕಾಲ ಮಿತಿಮೀರಿದ್ದರೆ ಅದರ ಸೂಕ್ಷ್ಮ ರಕ್ತನಾಳಗಳೂ ನರಗಳೂ ಕ್ಷೀಣಿಸಬಹುದು. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಮಧುಮೇಹಿಗಳಲ್ಲಿ ಶ್ರವಣದೋಷವು ಇತರರಿಗಿಂತ ಸುಮಾರು ಇಮ್ಮಡಿಯಾಗಿ ಕಂಡಿತು.

ನೋವಿಲ್ಲದೆ ಮೆಲ್ಲನೆ ಬರುವ ಈ ಮಂದಗಿವಿಯನ್ನು ಮನೆಯವರು ಅಲಕ್ಷ್ಯವೆಂದೆಣಿಸಿ ಹಿರಿಯರನ್ನು ಗದರಿಸುವರು. ಹಿರಿಯರು ಮಾತು ಬಿಟ್ಟು ಮೂಲೆ ಸೇರುವರು. ಇಂತಹ ಮನೆಗಳನ್ನು ನಾವು ಕಂಡಿದ್ದೇವೆ. ಆದಕಾರಣ ಸಕ್ಕರೆಯನ್ನು ಹತೋಟಿಯಲ್ಲಿಟ್ಟು, ವರ್ಷಕ್ಕೊಮ್ಮೆ ಕಣ್ಣಿನಂತೆ ಕಿವಿಯನ್ನೂ ಪರೀಕ್ಷೆ ಮಾಡಿಸತಕ್ಕದ್ದು. ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ನಮಗೆ ಸಮೀಪದಲ್ಲಿಯೇ ಇವೆ. ಗದರಿಸುವ ಮುನ್ನ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.