ಕೌದಿ ಹೊಲಿಯುವವರಿಗೆ ಸ್ಮರಣಿಕೆಗಿಂತ ಅಂಗುಸ್ತಾನ ಮೇಲು

ನಮ್ಮ ಸಂಘಗಳಲ್ಲಿ ರಾಜ್ಯೋತ್ಸವ ಬಂತೆಂದರೆ ಸನ್ಮಾನ ಇದ್ದೇ ಇರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗಿನ ಸ್ಮರಣಿಕೆ. ಕೆಲವು ವರ್ಷಗಳ ಹಿಂದೆ ಕೋಲ್ಕತ್ತದ ಕನ್ನಡಿಗರ ಸಮಾರಂಭವೊಂದರಲ್ಲಿ ಕೌದಿ ಹೊಲಿಯುವ ಹಿರಿಯ ಮಹಿಳೆಯರನ್ನು ವೇದಿಕೆಗೆ ಕರೆದು ಗೌರವಿಸಲಾಯಿತು. ಅವರಲ್ಲಿ ನನ್ನ ತಾಯಿಯೂ ಒಬ್ಬಳು. ಚಪ್ಪಾಳೆ ಬಿತ್ತು, ಫೋಟೋ ಆಯಿತು. ಮನೆಗೆ ಬಂದ ಮೇಲೆ ಅವ್ವ ಆ ಗಾಜಿನ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಇದನ್ನ ಗಂಟಿನ್ಯಾಗ ಹ್ಯಾಂಗ ಕಟ್ಟಲೋ ತಮ್ಮಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅವ್ವ ಇರುವುದು ಗದಗ ಜಿಲ್ಲೆಯಲ್ಲಿ. ಚಳಿಗಾಲಕ್ಕೆ ನಮ್ಮಲ್ಲಿಗೆ ಬರುತ್ತಾಳೆ. ಮೊದಲು ಹೌರಾಕ್ಕೆ ಬರುತ್ತಿದ್ದ ಅಮರಾವತಿ ಎಕ್ಸ್‌ಪ್ರೆಸ್ ಈಗ ಶಾಲಿಮಾರ್‌ಗೆ ಬರುತ್ತದೆ. ದಿನ ದಾಟುವ ಪ್ರಯಾಣ. ಕೆಳಗಿನ ಬರ್ತಿನಲ್ಲಿ ಕಾಲು ಮಡಚಿ ಕೂತು ಅವಳು ಹೊಲಿಯುತ್ತಲೇ ಬರುತ್ತಾಳೆ. ಹಳೆಯ ಇಳಕಲ್ ಸೀರೆ, ಸವೆದ ಧೋತರ, ಒಂದು ದಬ್ಬಣ, ನೂಲಿನ ಉಂಡೆ, ಇಷ್ಟೇ ಅವಳ ಸಾಮಾನು. ಉತ್ತರ ಕರ್ನಾಟಕದಲ್ಲಿ ಇದು ಹೊಸದೇನಲ್ಲ. ಊರೂರು ತಿರುಗಿ, ಕರೆದವರ ಮನೆಯ ಅಂಗಳದಲ್ಲಿ ಕೂತು ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಅವರಲ್ಲಿ ಗೊಂದಲಿಗ ಸಮುದಾಯದವರು ಹಲವರು. ಬಟ್ಟೆ ಮನೆಯವರದು, ಸೂಜಿ ಮತ್ತು ಕೈ ಅವರದು.

ಬಂಗಾಳದವರಿಗೆ ಕಾಂಥಾ ಇರುವಂತೆ ನಮಗೆ ಕೌದಿ. ಅವರೂ ಹಳೆಯ ಸೀರೆಗಳನ್ನೇ ಪದರ ಪದರವಾಗಿ ಹಾಸಿ ಹೊಲಿಯುವವರು. ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಬಿಡಿಸಿಕೊಳ್ಳುತ್ತಿದ್ದರಂತೆ. ಪಶ್ಚಿಮ ಬಂಗಾಳದ ನಕ್ಷಿ ಕಾಂಥಾಕ್ಕೆ 2008ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮ ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿದ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹೊಲಿದ ಬಟ್ಟೆಗೆ ಇಷ್ಟು ಮರ್ಯಾದೆ. ಹೊಲಿದ ಬೆರಳನ್ನು ಯಾರು ನೋಡುತ್ತಾರೆ?

ಇದನ್ನು ಕೇಳಲು ಕಾರಣವಿದೆ. ಸನ್ಮಾನದ ಮರುವರ್ಷ ರೈಲಿನಲ್ಲಿ ಬರುವಾಗ ಬೋಗಿ ಜಗ್ಗಿದ ಹೊಡೆತಕ್ಕೆ ದಬ್ಬಣ ಅವ್ವನ ನಡುಬೆರಳಿಗೆ ಚುಚ್ಚಿತು. ಅವಳಿಗೆ ಸಕ್ಕರೆ ಕಾಯಿಲೆ. ಹೇಳದೆ ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದಳು. ನಾಲ್ಕನೆಯ ದಿನ ಬೆರಳು ಬಾತು ಕೀವು ತುಂಬಿತು. ಕೊಯ್ದು ಮೂರು ವಾರ ಡ್ರೆಸ್ಸಿಂಗ್ ಮಾಡಿಸಬೇಕಾಯಿತು. ಇನ್ನೆರಡು ದಿನ ತಡವಾಗಿದ್ದರೆ ಬೆರಳಿನ ತುದಿ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಆಗ ತಿಳಿಯಿತು, ಅವಳ ಹಳೆಯ ಹಿತ್ತಾಳೆ ಅಂಗುಸ್ತಾನ ಅದಕ್ಕೂ ಮೊದಲು ಯಾವುದೋ ಪ್ರಯಾಣದಲ್ಲಿ ಬಿದ್ದುಹೋಗಿತ್ತು. ಬೆರಳಿಗೆ ತೊಡುವ ಆ ಚಿಕ್ಕ ಟೊಪ್ಪಿಗೆ ಬಡಾಬಜಾರಿನಲ್ಲಿ ಒಂದು ಭಾಂಡ ಚಹಾದ ದುಡ್ಡಿಗೂ ಸ್ವಲ್ಪ ಹೆಚ್ಚಿಗೆ ಅಷ್ಟೆ. ಅವಳು ಕೇಳಿರಲಿಲ್ಲ, ನಾನು ವಿಚಾರಿಸಿರಲಿಲ್ಲ, ಸಂಘದವರು ಗಾಜಿನ ಪೆಟ್ಟಿಗೆ ಕೊಟ್ಟಿದ್ದರು.

ಹೀಗಾಗಿ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಸೂಜಿ ದಾರ ಹೊತ್ತು ತಿರುಗುವ ತಾಯಂದಿರಿಗೆ ಉಡುಗೊರೆ ಕೊಡುವುದಾದರೆ ಅದು ಚೀಲದಲ್ಲಿ ಹಿಡಿಸಬೇಕು, ಕೈಗೆ ಬರಬೇಕು. ಮೊದಲನೆಯದು ಅಂಗುಸ್ತಾನ. ಆದರೆ ಡಜನ್ ಲೆಕ್ಕದಲ್ಲಿ ಒಂದೇ ಅಳತೆಯದು ತರಬೇಡಿ, ಬೆರಳಿಗೆ ಹಾಕಿಸಿ ನೋಡಿ. ಸಡಿಲವಾದರೆ ಅದೂ ಬಿದ್ದುಹೋಗುತ್ತದೆ. ಆಮೇಲೆ ಕನ್ನಡಕ. ಅರವತ್ತು ದಾಟಿದವರು ರೈಲಿನ ಮಂದ ದೀಪದಲ್ಲಿ ಸೂಜಿಗೆ ದಾರ ಪೋಣಿಸಲು ಪಕ್ಕದ ಬರ್ತಿನ ಹುಡುಗರನ್ನು ಕೇಳುವುದನ್ನು ಕಂಡಿದ್ದೇನೆ. ಕಣ್ಣು ಪರೀಕ್ಷೆ ಮಾಡಿಸಿ ಹತ್ತಿರದ ನೋಟಕ್ಕೆ ಕನ್ನಡಕ ಮಾಡಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ. ದಾರ ಪೋಣಿಸುವ ತೆಳು ತಂತಿಯ ಸಾಧನ, ಕೊರಳಿಗೆ ನೇತುಹಾಕುವ ಪುಟ್ಟ ಎಲ್‌ಇಡಿ ದೀಪ, ನೂಲು ಗಂಟಾಗದಂತೆ ಸವರಲು ಒಂದು ತುಂಡು ಜೇನುಮೇಣ, ಇವೂ ಇರಲಿ. ನಮ್ಮ ಕೋಲ್ಕತ್ತದ ತೇವಕ್ಕೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ. ಬಿಗಿ ಮುಚ್ಚಳದ ತವರದ ಡಬ್ಬಿ ಕೊಟ್ಟು, ಮುಚ್ಚಳದೊಳಗೆ ಅಯಸ್ಕಾಂತ ಅಂಟಿಸಿದರೆ ರೈಲು ಎಷ್ಟು ಜಗ್ಗಿದರೂ ಸೂಜಿ ಚೆಲ್ಲುವುದಿಲ್ಲ. ಕತ್ತರಿ ಕೊಟ್ಟರೆ ಮೊನೆಗೆ ಚರ್ಮದ ಕವಚವಿರಲಿ. ವಿಮಾನದಲ್ಲಿ ಹೋಗುವವರಿಗೆ ಅದನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಲಗೇಜಿಗೆ ಹಾಕಿ ಎಂದು ಹೇಳಿಕೊಡಿ. ಒಂದು ವಿಮಾನ ನಿಲ್ದಾಣದಲ್ಲಿ ನನ್ನ ಹೆಂಡತಿಯ ಕತ್ತರಿ ಹಾಗೆಯೇ ಹೋಯಿತು.

ಇದನ್ನೆಲ್ಲ ಯಾವುದರಲ್ಲಿ ಇಡುವುದು? ಪ್ಲಾಸ್ಟಿಕ್ ಪೆಟ್ಟಿಗೆ ಬೇಡ. ನಮ್ಮ ಹಿರಿಯರು ಎಲೆ ಅಡಿಕೆ ಇಟ್ಟುಕೊಳ್ಳುತ್ತಿದ್ದ ಚಂಚಿ ಇದೆಯಲ್ಲ, ಒಳಗೆ ನಾಲ್ಕಾರು ಪದರ, ದಾರ ಎಳೆದರೆ ಬಾಯಿ ಮುಚ್ಚುವಂಥದು? ಸೊಂಟಕ್ಕೂ ಸಿಗಿಸಬಹುದು, ತಲೆದಿಂಬಿನ ಕೆಳಗೂ ಇಡಬಹುದು. ಮಹಿಳಾ ವಿಭಾಗದವರೇ ಹೊಲಿದುಕೊಡಬಹುದು.

ಶಾಲು ಹೊದಿಸುವುದೇ ಮರ್ಯಾದೆ, ಸೂಜಿ ದಾರ ಕೊಟ್ಟರೆ ಕೂಲಿಯವರಿಗೆ ಕೊಟ್ಟಂತೆ ಕಾಣುತ್ತದೆ ಎಂದು ಸಮಿತಿಯ ಗೆಳೆಯರೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲೂ ಹುರುಳಿದೆ. ಶಾಲು ಇರಲಿ, ವೇದಿಕೆಯೂ ಇರಲಿ. ಗಾಜಿನ ಪೆಟ್ಟಿಗೆಯ ಖರ್ಚನ್ನು ಮಾತ್ರ ಚಂಚಿಗೆ ತಿರುಗಿಸಿ ಎನ್ನುತ್ತೇನೆ. ಜೀವಮಾನವಿಡೀ ಬ್ಯಾಂಕಿನಲ್ಲಿ ಜಮಾ ಖರ್ಚು ಬರೆದವನು ನಾನು, ಎರಡೂ ಬಿಲ್ಲುಗಳನ್ನು ಪಕ್ಕದಲ್ಲಿಟ್ಟು ಕೂಡಿಸಿ ನೋಡಿದ್ದೇನೆ. ಕನ್ನಡಕ ಬಿಟ್ಟು ಉಳಿದೆಲ್ಲ ಆ ಹಣದಲ್ಲೇ ಬರುತ್ತದೆ.

ಅವ್ವನ ಬೆರಳು ಈಗ ಸರಿಯಾಗಿದೆ, ಸ್ವಲ್ಪ ಸೆಟೆದಿದೆ ಅಷ್ಟೆ. ಮೊಮ್ಮಗಳ ಕೌದಿ ಅರ್ಧಕ್ಕೆ ಬಂದಿದೆ. ನನ್ನ ಹೆಂಡತಿ ಪಕ್ಕದ ಮನೆಯ ಬಂಗಾಳಿ ಅಕ್ಕನಿಂದ ಕಲಿತ ಕಾಂಥಾ ಹೊಲಿಗೆಯಲ್ಲಿ ಅದಕ್ಕೊಂದು ಮೂಲೆ ಹಾಕಿದ್ದಾಳೆ. ಅವ್ವನಿಗೆ ಅದು ಅಷ್ಟು ಹಿಡಿಸಿಲ್ಲ. ಡಿಸೆಂಬರಿನಲ್ಲಿ ಬಂದಾಗ ಬಿಚ್ಚಿ ಮತ್ತೆ ಹೊಲಿಯುತ್ತಾಳಂತೆ.