ಕೈಗೆ ಬಂದ ಕಾಣಿಕೆಯನ್ನು ಕುರಿತು

ಬೇಸಿಗೆಯ ರಜೆಯು ಮುಗಿದು ಶಾಲೆಯು ತೆರೆದ ವಾರದಲ್ಲಿಯೇ ನಮ್ಮ ಕಾರ್ಯಾಲಯಕ್ಕೆ ವಕೀಲರೊಬ್ಬರ ಪತ್ರವು ಬಂದಿತು. ಕಳೆದ ವರ್ಷ ಕೆಂಗೇರಿಯ ತಮ್ಮ ಚಿಕ್ಕ ಮನೆಯಲ್ಲಿ ಕರ್ತನಲ್ಲಿ ನಿದ್ರೆಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಉಳಿತಾಯದಿಂದ 7 ಲಕ್ಷ ರೂಪಾಯಿಗಳನ್ನು ಶಾಲೆಯ ಮಕ್ಕಳಿಗಾಗಿ ಬರೆದಿಟ್ಟಿರುವರೆಂದೂ, ಬೇರೆ ಯಾವ ಷರತ್ತೂ ಇಲ್ಲವೆಂದೂ ಅದರಲ್ಲಿದ್ದಿತು. ವಿದ್ಯಾರ್ಥಿನಿಲಯದ ಅಕ್ಕಿಯ ಲೆಕ್ಕವನ್ನು ಮುಂದಿಟ್ಟುಕೊಂಡು ಚಿಂತಿಸುತ್ತಿದ್ದ ನಾವು ಆ ಪತ್ರವನ್ನು ಎರಡು ಸಲ ಓದಿಕೊಂಡೆವು.

ಮರುದಿನದ ಪ್ರಾರ್ಥನೆಯಲ್ಲಿ ದೇವರಿಗೆ ಸ್ತೋತ್ರವನ್ನು ಸಲ್ಲಿಸಿದೆವು. ಅದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹಣದ ವಿನಿಯೋಗದ ಮಾತು ಬಂದಾಗ ಅದು ಹುಟ್ಟಿತು. ಮೆಟ್ರೊ ರೈಲಿನಲ್ಲಿ ಹೋಗುವವರ ಕಣ್ಣಿಗೆ ಬೀಳುವಂತೆ ಮೈಸೂರು ರಸ್ತೆಯ ಕಡೆಗೆ ಕಲ್ಲಿನ ಕಮಾನೊಂದನ್ನು ಕಟ್ಟಿಸಿ ದಾನಿಯ ಹೆಸರನ್ನು ಕೆತ್ತಿಸಬೇಕೆಂದು ಕೆಲವರು ಹೇಳಿದರು. (ಆ ತಾಯಿ ತಮ್ಮ ಮನೆಯ ಬಾಗಿಲಿಗೂ ಹೆಸರಿನ ಹಲಗೆಯನ್ನು ಹಾಕಿಸಿಕೊಂಡವರಲ್ಲ.) ಈ ಸೂಚನೆಯು ಬೇಗನೆ ಬಿದ್ದುಹೋಯಿತು. ಎರಡನೆಯ ಸೂಚನೆಯು ಹಾಗಲ್ಲ. ವಿದ್ಯಾರ್ಥಿನಿಲಯದಲ್ಲಿ ಉಚಿತ ಸ್ಥಾನಗಳನ್ನು ಏರ್ಪಡಿಸಬೇಕು, ಆದರೆ ಅವು ನಮ್ಮ ಸಭೆಯ ಕುಟುಂಬಗಳ ಹೆಣ್ಣುಮಕ್ಕಳಿಗೆ ಮಾತ್ರ ಸಲ್ಲಬೇಕು ಎಂಬುದೇ ಅದು. ಹೀಗೆ ಹೇಳಿದವರು ಶಾಲೆಗಾಗಿ ಬಹುವಾಗಿ ದುಡಿದವರು. ಸಭೆಯಲ್ಲಿಯೂ ಬಡವರುಂಟೆಂಬ ಅವರ ಮಾತು ಸುಳ್ಳಲ್ಲ. ಆದಕಾರಣ ನಮ್ಮ ಅಭಿಪ್ರಾಯವನ್ನು ಮೌನದಲ್ಲಿ ಅಡಗಿಸದೆ ಕಾರಣಸಹಿತವಾಗಿ ಇಲ್ಲಿ ತಿಳಿಸುವೆವು.

ಕಳೆದುಹೋದ ಶತಮಾನಗಳಲ್ಲಿ ಕನ್ನಡನಾಡಿಗೆ ಬಂದ ಮಿಷನರಿಗಳ ಬಾಳು ಪರರ ಕಾಣಿಕೆಯ ಮೇಲೆಯೇ ನಿಂತಿದ್ದಿತು. 1869ರಲ್ಲಿ ಸುಯೆಜ್ ಕಾಲುವೆಯು ತೆರೆಯುವ ಮೊದಲು ಹಡಗುಗಳು ಆಫ್ರಿಕಾಖಂಡವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ತೇಲಿ ಬರಬೇಕಾಗಿದ್ದಿತು. ವಿಲಾಯತಿಯ ಸಭೆಗಳ ಸ್ತ್ರೀಯರು ತಾವು ಹೊಲಿದ ಸಾಮಾನುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುವರು. ಇಲ್ಲಿ ಅವುಗಳನ್ನು ಮಾರಿ ಬಂದ ಹಣವು ಹೆಣ್ಣುಮಕ್ಕಳ ಶಾಲೆಗಳಿಗೆ ಒದಗುವುದು. ಇಂದು ಕೈಗೆ ಸೇರಿದ ನೆರವು, ಅದರ ಅವಶ್ಯಕತೆಯು ತೋರುವ ಮುಂಚೆಯೇ ಹಡಗನ್ನು ಹತ್ತಿದ್ದಾಗಿರುತ್ತಿದ್ದಿತು. ಅವರ ಕೃತಜ್ಞತೆಯಲ್ಲಿ ವಿಸ್ಮಯವೂ ಬೆರೆತಿದ್ದರೆ ಅದು ಸಹಜವೇ.

ಹೀಗೆ ಬಂದ ಕಾಣಿಕೆಗಳಲ್ಲಿ ಒಂದನ್ನು ನಾವು ವಿಶೇಷವಾಗಿ ನೆನೆಯುವೆವು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರು ಜರ್ಮನ್ ದೇಶದ ವುರ್ಟೆಂಬರ್ಗ್ ಪ್ರಾಂತದವರು. 1836ರಲ್ಲಿ ಮಂಗಳೂರಿಗೆ ಬಂದವರು. 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲನೆಯ ವೃತ್ತಪತ್ರಿಕೆಯೆಂಬುದು ನಮ್ಮ ವಿದ್ಯಾರ್ಥಿನಿಯರಿಗೆಲ್ಲ ತಿಳಿದಿದೆ. ಆ ದಿನವನ್ನು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುವೆವಷ್ಟೆ. ಅಷ್ಟಾಗಿ ತಿಳಿಯದ ಸಂಗತಿಯೊಂದುಂಟು. ಮದರಾಸಿನ ನ್ಯಾಯಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾಗಿ ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬವರು, ಕನ್ನಡದ ಗ್ರಂಥಗಳನ್ನು ಅಚ್ಚುಹಾಕಿಸುವುದಕ್ಕಾಗಿ ಮೊಗ್ಲಿಂಗರಿಗೆ ದ್ರವ್ಯಸಹಾಯವನ್ನು ಮಾಡಿದರು. ಓಲೆಗರಿಗಳಲ್ಲಿಯೂ ಕೈಬರಹದ ಕಟ್ಟುಗಳಲ್ಲಿಯೂ ಇದ್ದ ಕಾವ್ಯಗಳು 1848ರಿಂದ ಮುಂದೆ ಕೆಲವು ವರ್ಷಗಳಲ್ಲಿ ಮಂಗಳೂರಿನ ಕಲ್ಲಚ್ಚಿನಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಾಗಿ ಹೊರಬಂದುವು.

ಆ ಮಾಲೆಯಲ್ಲಿದ್ದುವೇನು? ಬಸವಪುರಾಣವಿದ್ದಿತು. ಜೈಮಿನಿ ಭಾರತವಿದ್ದಿತು. ದಾಸರ ಪದಗಳಿದ್ದುವು. ಕ್ರೈಸ್ತ ದಾನಿಯ ಹಣ, ಕ್ರೈಸ್ತ ಬೋಧಕರ ಶ್ರಮ, ಮಿಷನ್ನಿನ ಅಚ್ಚುಕೂಟ. ಅಚ್ಚಾದುದು ಮಾತ್ರ ಶಿವಶರಣರ ಕಥೆ, ಹರಿದಾಸರ ಹಾಡು. ಮೊಗ್ಲಿಂಗರ ಉದ್ದೇಶವು ಸುವಾರ್ತೆಯನ್ನು ಸಾರುವುದೇ ಆಗಿದ್ದಿತೆಂಬುದನ್ನು ನಾವು ಮರೆಮಾಚುವುದಿಲ್ಲ. ಜನರ ಹೃದಯವನ್ನು ಅರಿಯಬೇಕಾದರೆ ಅವರ ಪುಸ್ತಕಗಳನ್ನು ಓದಬೇಕೆಂದು ಅವರು ನಂಬಿದ್ದರು. ಆದರೆ ಹಣವು ಕೈಗೆ ಬಂದಾಗ ಅದು ತಮ್ಮ ಸಭೆಯ ಗೋಡೆಯೊಳಗೆ ಇರಬೇಕೆಂದು ಅವರು ಹಟಹಿಡಿಯಲಿಲ್ಲ. ಆ ಪುಸ್ತಕಗಳನ್ನು ಕೊಂಡು ಓದಿದವರನ್ನು ನೀವು ಯಾವ ಸಭೆಯವರೆಂದು ಯಾರೂ ಕೇಳಿರಲಾರರು. ಓಲೆಗರಿಗಳನ್ನು ಓದಿ ಪಾಠವನ್ನು ತಿದ್ದಿಕೊಟ್ಟ ಈ ನಾಡಿನ ಪಂಡಿತರ ಹೆಸರುಗಳನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸುವುದಿಲ್ಲ. ಕ್ಯಾಸಮೇಜರರ ಹಣದಷ್ಟೇ ಅವರ ವಿದ್ಯೆಯೂ ಮೊಗ್ಲಿಂಗರಿಗೆ ಕಾಣಿಕೆಯಾಗಿ ಬಂದುದಲ್ಲವೆ?

ಈಗ ನಮ್ಮ ದಾನಿಯ ವಿಷಯಕ್ಕೆ ಬರುವೆವು. ಇವರು ದಾದಿಯರ ಶಿಕ್ಷಣವನ್ನು ಮುಗಿಸಿ ತಾಂಜಾನಿಯದ ಒಳನಾಡಿನ ಮಿಷನ್ ಆಸ್ಪತ್ರೆಯೊಂದರಲ್ಲಿ ಬಹುಕಾಲ ಸೇವೆಮಾಡಿದರು. ಒಂದು ಕಾಲದಲ್ಲಿ ಹೊರದೇಶದವರು ಮಿಸ್ಸಮ್ಮಗಳಾಗಿ ನಮ್ಮಲ್ಲಿಗೆ ಬಂದರು. ನಮ್ಮ ಕೆಂಗೇರಿಯ ಹುಡುಗಿಯೊಬ್ಬಳು ಮತ್ತೊಂದು ದೇಶಕ್ಕೆ ಮಿಸ್ಸಮ್ಮಳಾಗಿ ಹೋದಳು. ಊರಿಗೆ ಮರಳಿದ ಮೇಲೆ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಒಮ್ಮೆ ನಾವು ಬಲವಂತಮಾಡಿ ಮಕ್ಕಳೊಡನೆ ಮಾತನಾಡಿಸಿದೆವು. ದೊಡ್ಡ ಸಂಗತಿಯೇನನ್ನಾದರೂ ಹೇಳುವರೆಂದು ನಾವೆಲ್ಲರೂ ಕಾದಿದ್ದರೆ, ಅವರು ಹೇಳಿದುದು ಊಟದ ವಿಷಯ. ಒಂದು ವರ್ಷ ಮಳೆಯಿಂದ ರಸ್ತೆಯು ಕೊಚ್ಚಿಹೋಗಿ ಆಸ್ಪತ್ರೆಗೆ ಸಾಮಾನಿನ ಲಾರಿಯು ಬರಲಿಲ್ಲವಂತೆ. ಉಗ್ರಾಣದಲ್ಲಿ ಹಿಟ್ಟು ತೀರುತ್ತ ಬಂದಿತು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಹಳ್ಳಿಯ ಹೆಂಗಸರು ಮುಸುಕಿನ ಜೋಳದ ಹಿಟ್ಟನ್ನೂ ಬಾಳೆಯ ಗೊನೆಗಳನ್ನೂ ತಲೆಯ ಮೇಲೆ ಹೊತ್ತು ನಿಂತಿದ್ದರು. ನಮ್ಮ ರಾಗಿಮುದ್ದೆಯಂತೆ ಅಲ್ಲಿಯವರಿಗೆ ಆ ಹಿಟ್ಟಿನ ಉಗಾಲಿ. "ಅವರಲ್ಲಿ ಮುಕ್ಕಾಲುಪಾಲು ಮುಸಲ್ಮಾನರಮ್ಮ, ನಮ್ಮ ಪ್ರಾರ್ಥನೆಗೆ ಒಂದು ದಿನವೂ ಬಂದವರಲ್ಲ" ಎಂದು ಹೇಳಿ ನಕ್ಕರು.

ಇಂತಹವರ ಉಳಿತಾಯಕ್ಕೆ ನಾವು ಬೇಲಿಯನ್ನು ಹಾಕುವುದು ಹೇಗೆ? ‘ಶಾಲೆಯ ಮಕ್ಕಳಿಗಾಗಿ’ ಎಂದು ಅವರು ಬರೆಸಿದರು. ಯಾವ ಮಕ್ಕಳೆಂದು ಬರೆಸಬೇಕಾಗಿದ್ದರೆ ಅದು ಅವರಿಗೆ ತಿಳಿಯದುದಲ್ಲ.

ನಮ್ಮ ಶಾಲೆಯ ಸುತ್ತ ಮಾಳಿಗೆಯ ಮೇಲೆ ಮಾಳಿಗೆ ಏಳುತ್ತಿದೆ. ಅವನ್ನು ಕಟ್ಟುವವರು ಕಲಬುರಗಿ, ಯಾದಗಿರಿ, ರಾಯಚೂರುಗಳ ಕಡೆಯಿಂದ ಬಂದು ತಗಡಿನ ಷೆಡ್ಡುಗಳಲ್ಲಿ ವಾಸಿಸುವರು. ಅವರ ಹೆಣ್ಣುಮಕ್ಕಳು ನಮ್ಮಲ್ಲಿ ಸೇರುವರು, ಚೆನ್ನಾಗಿಯೇ ಓದುವರು. ಕಟ್ಟಡವು ಮುಗಿದೊಡನೆ ಕುಟುಂಬವು ಬೇರೆ ಕಡೆಗೆ ಹೋಗುವುದು, ವರ್ಷದ ನಡುವೆ ಹುಡುಗಿಯ ಹೆಸರು ಹಾಜರಿ ಪುಸ್ತಕದಿಂದ ಹೋಗುವುದು. 7 ಲಕ್ಷವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯನ್ನು ಮಾತ್ರ ತೆಗೆದರೆ ಇಬ್ಬರು ಹುಡುಗಿಯರನ್ನು ಸಹ ಕಷ್ಟದಿಂದ ಪೋಷಿಸಬಹುದು. ಮೂಲಧನವನ್ನೇ ಖರ್ಚುಮಾಡಿದರೆ ಆರು ಹುಡುಗಿಯರು 8ನೆಯ ತರಗತಿಯಿಂದ 10ನೆಯದರ ಪರೀಕ್ಷೆಯವರೆಗೆ ನಮ್ಮ ನಿಲಯದಲ್ಲಿ ಉಂಡು ಓದಬಹುದು. ಅದರಲ್ಲಿ ಸಭೆಯ ಬಡ ಹುಡುಗಿಯರೂ ಇರಲಿ, ಷೆಡ್ಡಿನ ಹುಡುಗಿಯರೂ ಇರಲಿ. ಅವಶ್ಯಕತೆಯೊಂದನ್ನೇ ನೋಡಿ ಆರಿಸೋಣ. ಹಣವು ಮೂರು ವರ್ಷಗಳಲ್ಲಿ ಮುಗಿದುಹೋಗುವುದೆಂದು ಹೆದರುವವರಿಗೆ ನಾವು ಕೊಡುವ ಉತ್ತರವಿಷ್ಟೆ: ಈ ವರ್ಷ ಬಂದ ಪತ್ರವನ್ನು ಕಳೆದ ವರ್ಷ ನಮ್ಮಲ್ಲಿ ಯಾರು ನಿರೀಕ್ಷಿಸಿದ್ದರು?

ಆಡಳಿತ ಸಮಿತಿಯು ಅಕ್ಟೋಬರಿನಲ್ಲಿ ಕೂಡುವುದು. 8ನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಕುಳಿತುಕೊಳ್ಳುವ ಒಬ್ಬ ಹುಡುಗಿಯ ತಂದೆ ಕೆಲಸಮಾಡುವ ಕಟ್ಟಡಕ್ಕೆ ಈಗಾಗಲೇ ಸುಣ್ಣಬಣ್ಣ ನಡೆಯುತ್ತಿದೆ. ನವೆಂಬರಿನಲ್ಲಿ ಊರು ಬಿಡುವರೆಂದು ಅವಳು ನಮಗೆ ತಿಳಿಸಿರುವಳು.