ನಾಯಿಮರಿಗಳನ್ನು ಬೇರೆ ಬೀದಿಗೆ ಬಿಟ್ಟು ಬರಬೇಡಿ

ಕಾರ್ತೀಕದಲ್ಲಿ ಬೆದೆಗೆ ಬಂದ ನಾಯಿಗಳು ಸಂಕ್ರಾಂತಿಯ ಹೊತ್ತಿಗೆ ಮರಿ ಹಾಕಿರುತ್ತವೆ. ಬೆಂಗಳೂರಿನ ಯಲಹಂಕ, ಸಹಕಾರನಗರ, ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ಚಪ್ಪಡಿಯ ಕೆಳಗೋ ನಿಂತ ಕಾರಿನಡಿಯಲ್ಲೋ ಕುಂಯ್‌ಗುಡುವ ಸದ್ದು. ಅದರ ಬೆನ್ನಿಗೇ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ದೂರು: ‘ಆ ದೊಡ್ಡ ಗಂಡುನಾಯಿ ಮರಿಯನ್ನು ಕಚ್ಚಿ ಹಾಕಿತು, ಹಿಡಿಸಿಬಿಡಿ.’

ಹಿಡಿಸುವ ಮುಂಚೆ ಒಂದು ಮಾತು ವಿಚಾರಿಸಿ. ಆ ಮರಿ ಆ ಬೀದಿಯದೇ?

ಗೇಟಿನ ಮುಂದೆ ಗಲೀಜು ಮಾಡುತ್ತವೆಂದು ಮರಿಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ, ರಾತ್ರಿ ಸ್ಕೂಟರಿನಲ್ಲಿ ಒಯ್ದು ಮಟನ್ ಅಂಗಡಿಯ ಮುಂದೆ ಇಟ್ಟು ಬರುವವರಿದ್ದಾರೆ. ‘ಅಲ್ಲಾದರೆ ಹೊಟ್ಟೆಗೆ ಸಿಗುತ್ತೆ’ ಅನ್ನುವ ಪುಣ್ಯದ ಲೆಕ್ಕ ಬೇರೆ! ಆ ಜಾಗಕ್ಕೆ ಆಗಲೇ ಯಜಮಾನರಿದ್ದಾರೆ. ಎಲುಬಿನ ಚೂರಿಗೆ ಕಾದು ಕೂತ ಗಂಡುನಾಯಿಗೆ ಆ ಮರಿ ಗುರುತಿಲ್ಲದ ವಾಸನೆಯ ಪ್ರಾಣಿ. ಅಡ್ಡ ಬರಲು ತಾಯಿಯೂ ಇಲ್ಲ.

ಸ್ವಂತ ಗುಂಪಿನ ಗಂಡು ಸಾಮಾನ್ಯವಾಗಿ ಹಾಗಲ್ಲ. ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಬಂಗಾಳದ ಬೀದಿನಾಯಿಗಳನ್ನು ವರ್ಷಗಟ್ಟಲೆ ಗಮನಿಸಿದೆ. ಗಂಡುನಾಯಿಗಳು ಮರಿಗಳ ಜೊತೆ ಆಡುವುದನ್ನೂ ಕಾವಲು ಕಾಯುವುದನ್ನೂ ಅವರು ದಾಖಲಿಸಿದ್ದಾರೆ. 2016ರ ಅವರ ಅಧ್ಯಯನದಲ್ಲಿ 364 ಮರಿಗಳ ಪೈಕಿ ಏಳು ತಿಂಗಳು ದಾಟಿ ಬದುಕಿದವು ಶೇ 19 ಮಾತ್ರ. ಸಾವುಗಳಲ್ಲಿ ಶೇ 63ರ ಹಿಂದೆ ಇದ್ದದ್ದು ಮನುಷ್ಯರ ಕೈವಾಡ.

ಗುರ್ ಅಂದದ್ದೆಲ್ಲ ದಾಳಿಯೂ ಅಲ್ಲ. ಬಾಲ ಹಿಡಿದೆಳೆದ ಮರಿಯ ಮೇಲೆ ದೊಡ್ಡದು ಗುರ್ರೆಂದು ಗಾಳಿಗೆ ಬಾಯಿ ಹಾಕುತ್ತದೆ. ಮರಿ ಕುಂಯ್ಯೆಂದು ಅಂಗಾತ ಬಿದ್ದು, ಮರುಕ್ಷಣ ಎದ್ದು ಮೈ ಕೊಡವುತ್ತದೆ. ಅದು ಬುದ್ಧಿ ಕಲಿಸುವ ರೀತಿ, ಕಲ್ಲೆಸೆಯಬೇಡಿ. ಸದ್ದಿಲ್ಲದೆ ಮೈ ಬಿಗಿದು, ಕಣ್ಣು ಕೀಲಿಸಿ ಹತ್ತಿರವಾಗುವ ನಾಯಿಗೆ ಮಾತ್ರ ಹೆದರಬೇಕು. ಅದು ಮರಿಯನ್ನು ಕಚ್ಚಿ ಜಾಡಿಸತೊಡಗಿದರೆ ಮಧ್ಯೆ ಕೈ ಹಾಕಬೇಡಿ. ಬಕೆಟ್ ನೀರು ಎರಚಿ, ಗೋಣಿಚೀಲ ಎಸೆಯಿರಿ. ಹಲ್ಲಿನ ತೂತು ಹೊರಗೆ ಸಾಸಿವೆಯಷ್ಟಿದ್ದರೂ ಒಳಗೆ ಮಾಂಸ ಹರಿದಿರಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹತ್ತಿರದ ವೈದ್ಯರಿಗೋ ತೋರಿಸಿ. ನಿಮಗೆ ಹಲ್ಲು ತಗುಲಿದ್ದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ರೇಬೀಸ್ ಲಸಿಕೆಗೆ ಹೋಗಿ.

ಅನ್ನ ಹಾಕುವ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ ಒಂದು ಕೋರಿಕೆ. ಬಾಣಂತಿ ನಾಯಿಗೆಂದು ಮರಿಗಳ ಪಕ್ಕದಲ್ಲೇ ಕೋಳಿ ಕಾಲು ಬೆರೆಸಿದ ಅನ್ನ ಸುರಿದರೆ ಬೀದಿಯ ಗಂಡುಗಳೆಲ್ಲ ಅಲ್ಲಿಗೇ ಬರುತ್ತವೆ. ಜಗಳ ಅವುಗಳ ನಡುವೆಯೇ ಆದರೂ ತುಳಿತಕ್ಕೆ ಸಿಗುವುದು ಮರಿಗಳು. ಗಂಡುಗಳಿಗೆ ಮೊದಲು ಹಾಕಿ, ದೂರದಲ್ಲಿ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಹಾಕಿ. ಊಟದ ಜಾಗ ಮೆಟ್ಟಿಲು, ಬಾಗಿಲು, ಮಕ್ಕಳು ಆಡುವ ಕಡೆಗಳಿಂದ ದೂರವಿರಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಹೇಳುತ್ತವೆ.

ಇನ್ನು ಹಿಡಿಸುವ ವಿಷಯ. ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿದ ನಾಯಿಯನ್ನು ಹಿಡಿದಲ್ಲಿಗೇ ತಂದು ಬಿಡಬೇಕೆಂಬುದು ಅದೇ ನಿಯಮ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ ರೇಬೀಸ್ ತಗುಲಿದ, ವಿಪರೀತ ಆಕ್ರಮಣಶೀಲವಾದ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಇದನ್ನೇ ಹೇಳಿತು. ನನ್ನ ದೃಷ್ಟಿಯಲ್ಲಿ ಇದರಲ್ಲಿ ಮರಿಗಳ ಹಿತವೂ ಇದೆ. ಹಳೆಯ ಗಂಡನ್ನು ಓಡಿಸಿದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಪಕ್ಕದ ಬೀದಿಯಿಂದ ಬರುವ ಹೊಸಬನಿಗೆ ಈ ಮರಿಗಳ ಗುರುತೇ ಇರುವುದಿಲ್ಲ.

ಮರಿಗಳನ್ನು ಎರಡು ತಿಂಗಳಾದರೂ ತಾಯಿಯ ಬಳಿ ಅದೇ ಬೀದಿಯಲ್ಲಿ ಇರಗೊಡಿ. ಸಾಕುವವರು ಸಿಕ್ಕರೆ ಆಮೇಲೆ ಕೊಡಿ. ಹಾಲು ಬಿಟ್ಟ ಮೇಲೆ ತಾಯಿಯ ಜೊತೆಗೆ ಬೀದಿಯ ಗಂಡುಗಳ ಹೆಸರನ್ನೂ ಸೇರಿಸಿ ಪಾಲಿಕೆಯ ಸಹಾಯವಾಣಿ 1533ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಗೆ ಬರೆಸಿ. ಮುಂದಿನ ಕಾರ್ತೀಕದವರೆಗೆ ಕಾಯಬೇಡಿ.